ಅಡ್ಡಗಾಳಿಯಲ್ಲಿ ಸಣ್ಣ ವಿಮಾನ ಸೊಟ್ಟಗೆ ಇಳಿಯೋದು ಯಾಕೆ? ಕೂತವರಿಗೆ ಹಿತವಾಗಿ ಇಳಿಸೋಕೆ ಆಗಲ್ವಾ?

ಗೆಳೆಯರು ಹಾರಿಸಿದ ನಾಲ್ಕು ಸೀಟಿನ ವಿಮಾನ ಮೂತಿ ಸೊಟ್ಟ ಮಾಡಿಕೊಂಡೇ ರನ್‌ವೇಗೆ ಬಂತು, ಒಂದೇ ಚಕ್ರದ ಮೇಲೆ ಇಳಿಯಿತು, ಇದು ಪೈಲಟ್ ತಪ್ಪಾ ಅಂತ ಕೇಳಿದ್ದೀರಿ. ಅಲ್ಲ. ಅಡ್ಡಗಾಳಿ ಇದ್ದಾಗ ಇಳಿಸಬೇಕಾದದ್ದೇ ಹಾಗೆ.

ನಾನು ಟೆಕ್ಸಾಸ್‌ನಲ್ಲಿ ರಜಾ ದಿನಗಳಲ್ಲಿ ಸೆಸ್ನಾ 172 ಅನ್ನೋ ಅಂಥದ್ದೇ ನಾಲ್ಕು ಸೀಟಿನ ವಿಮಾನ ಹಾರಿಸುತ್ತೇನೆ. ಇಲ್ಲಿ ಗಾಳಿ ಜಾಸ್ತಿ ದಕ್ಷಿಣದಿಂದ, ರನ್‌ವೇಗಳೂ ಹೆಚ್ಚಿನವು ಉತ್ತರ-ದಕ್ಷಿಣ. ಗಾಳಿ ಪಶ್ಚಿಮದ ಕಡೆಯಿಂದ ಬೀಸಿದ ದಿನ ಫಜೀತಿ.

ಅಮ್ಮ ಊರಿಂದ ಬಂದಿದ್ದಾಗ ಅಂಥದ್ದೇ ದಿನ. ರನ್‌ವೇ 17, ಅಂದರೆ 170 ಡಿಗ್ರಿ ದಿಕ್ಕು. ಗಾಳಿ 230 ಡಿಗ್ರಿಯಿಂದ, ಅಂದರೆ ನೈಋತ್ಯದಿಂದ, 14 ನಾಟ್ (ಗಂಟೆಗೆ ಸುಮಾರು 26 ಕಿಲೋಮೀಟರ್). ಅದರಲ್ಲಿ ಅಡ್ಡಕ್ಕೆ ತಳ್ಳುವ ಪಾಲು ಸುಮಾರು 12 ನಾಟ್. ಕಂಪನಿಯವರು ಈ ವಿಮಾನವನ್ನು ಪರೀಕ್ಷೆಯಲ್ಲಿ ಇಳಿಸಿ ತೋರಿಸಿರುವುದು 15 ನಾಟ್‌ವರೆಗೆ. 65 ನಾಟ್ ವೇಗದಲ್ಲಿ ಬರುವಾಗ ಮೂತಿಯನ್ನು ಹತ್ತು ಡಿಗ್ರಿಯಷ್ಟು ಬಲಕ್ಕೆ, ಗಾಳಿ ಬರುವ ಕಡೆಗೆ, ತಿರುಗಿಸಿಕೊಂಡರೆ ಮಾತ್ರ ಸೀದಾ ಸಾಗುತ್ತೇವೆ. ತುಂಬಿದ ಹೊಳೆ ದಾಟುವಾಗ ದೋಣಿಯವನು ನೀರು ಹರಿದು ಬರುವ ಕಡೆ ಮೂತಿ ಮಾಡಿ ಹುಟ್ಟು ಹಾಕ್ತಾನಲ್ಲ, ಹಾಗೆ. ಇದಕ್ಕೆ ಕ್ರ್ಯಾಬ್ ಅಂತಾರೆ, ಏಡಿ ನಡಿಗೆ.

"ಲೋ, ರಸ್ತೆ ಆ ಕಡೆ ಇದೆಯಲ್ಲೋ!" ಅಂದರು ಅಮ್ಮ.

ಇನ್ನೊಂದು ದಾರಿಯೂ ಇದೆ. ಗಾಳಿ ಕಡೆಯ ರೆಕ್ಕೆ ತಗ್ಗಿಸಿ, ಎದುರು ಕಾಲಿನ ರಡ್ಡರ್ ಪೆಡಲ್ (ಬಾಲದ ಚುಕ್ಕಾಣಿಯದು) ಒತ್ತಿ ಮೂತಿಯನ್ನು ರನ್‌ವೇಗೆ ನೇರ ಹಿಡಿಯುವುದು. ನೋಡೋಕೆ ನೇರ, ಆದರೆ ಕೂತವರ ಮೈ ಬಾಗಿಲ ಕಡೆ ಜಾರುತ್ತದೆ. ಲೈಸೆನ್ಸ್ ಬಂದ ಹೊಸತರಲ್ಲಿ ನಾನು ಎರಡು ಮೈಲಿ ದೂರದಿಂದಲೇ ಹೀಗೆ ಹಿಡಿದುಕೊಂಡು ಬಂದು, ಗೆಳೆಯನೊಬ್ಬ ವಾಂತಿ ಚೀಲ ಹುಡುಕುವ ಹಾಗೆ ಮಾಡಿದ್ದೆ. ಕ್ರ್ಯಾಬ್‌ನಲ್ಲಿ ಆ ಜಾರಾಟ ಇಲ್ಲ. ಮಡಿಲಲ್ಲಿ ಮಜ್ಜಿಗೆ ಲೋಟ ಇದ್ದರೂ ಒಂದು ಪಕ್ಕಕ್ಕೆ ವಾಲುವುದಿಲ್ಲ.

ಹಾಗಂತ ಓರೆಯಾಗೇ ನೆಲ ಮುಟ್ಟಿಸಿದರೆ ಚಕ್ರಗಳ ಮೇಲೆ ಅಡ್ಡ ಹೊರೆ ಬೀಳುತ್ತದೆ. ಅದಕ್ಕೆ ಈಗ ನಾನು ಕೊನೆಯವರೆಗೂ ಕ್ರ್ಯಾಬ್‌ನಲ್ಲಿ ಬಂದು, ನೆಲ ಹತ್ತಿರವಾದಾಗ ಎಡಗಾಲಿಂದ ಮೂತಿ ನೇರ ಮಾಡಿ, ಅದೇ ಹೊತ್ತಿಗೆ ಬಲ ರೆಕ್ಕೆ ತಗ್ಗಿಸುತ್ತೇನೆ. ಬಲ ಚಕ್ರ ಮೊದಲು ಕಿರ್ ಅನ್ನುತ್ತದೆ, ಆಮೇಲೆ ಎಡದ್ದು, ಕೊನೆಗೆ ಮೂಗಿನದು. ಮೈ ವಾಲುವುದು ಕೆಲವೇ ಸೆಕೆಂಡು. ಇಳಿದಾಯ್ತು ಅಂತ ಕೈ ಸಡಿಲ ಬಿಡುವ ಹಾಗಿಲ್ಲ. ವೇಗ ಇಳಿದ ಹಾಗೆ ಯೋಕನ್ನು, ಅಂದರೆ ಕೈಯಲ್ಲಿರುವ ಸ್ಟಿಯರಿಂಗನ್ನು, ಗಾಳಿ ಕಡೆಗೆ ಇನ್ನಷ್ಟು ತಿರುಗಿಸುತ್ತಾ ಹೋಗಬೇಕು, ಇಲ್ಲಾಂದ್ರೆ ಗಾಳಿ ರೆಕ್ಕೆ ಎತ್ತುತ್ತದೆ. (1940ರ ದಶಕದ ಅರ್‌ಕೂಪ್ ಅನ್ನೋ ಪುಟ್ಟ ವಿಮಾನಕ್ಕೆ ರಡ್ಡರ್ ಪೆಡಲ್ಲೇ ಇರಲಿಲ್ಲ. ಅದು ಸೊಟ್ಟಗೇ ಇಳಿಯುತ್ತಿತ್ತು, ಚಕ್ರಗಳನ್ನೂ ಅದಕ್ಕೆ ತಕ್ಕ ಹಾಗೆ ಕಟ್ಟಿದ್ದರು.)

ನನ್ನ ಕೇಳಿದರೆ, ಕೂತವರನ್ನು ಹೆದರಿಸುವುದು ಕುಲುಕಾಟಕ್ಕಿಂತ ಜಾಸ್ತಿ ಪೈಲಟ್‌ನ ಮೌನ. ನಿಮ್ಮ ಗೆಳೆಯರು ಸುಮ್ನೆ ಒಂದು ಮಾತು ಮೊದಲೇ ಹೇಳಿದ್ದರೆ ನೀವು ಇಷ್ಟು ಗಾಬರಿ ಆಗುತ್ತಿರಲಿಲ್ಲ, ಅಲ್ವಾ? ಅಮ್ಮನಿಗೆ ನಾನೂ ಹೇಳಿರಲಿಲ್ಲ. ಎರಡನೇ ಸಲ ಹತ್ತಿಸಿದಾಗ "ಮೂತಿ ಸೊಟ್ಟ ಇರತ್ತೆ, ಕೊನೆಗೆ ನಿನ್ನ ಕಡೆ ವಾಲತ್ತೆ, ಒಂದು ಚಕ್ರ ಮೊದಲು ತಾಗತ್ತೆ" ಅಂತ ಮೊದಲೇ ಹೇಳಿದೆ. ಚಕ್ರ ತಾಗಿದಾಗ ಅವರೇ ಎಣಿಸಿದರು: ಒಂದು, ಎರಡು, ಮೂರು.