ಆನ್‌ಲೈನ್ ಸರ್ವೇ ಸೈಟ್‌ಗಳು ನಿಜವಾಗ್ಲೂ ದುಡ್ಡು ಕೊಡ್ತಾವಾ?

ನೀವು ಕೇಳಿರೋದು ಮೂರು ವಿಷಯ. ಸರ್ವೇ ಸೈಟ್‌ಗಳಿಂದ ದುಡ್ಡು ಬರುತ್ತಾ, ಒಂದು ಸೈಟು ರಿಜಿಸ್ಟ್ರೇಷನ್ ಫೀ ಕೇಳ್ತಿದೆ ಆಮೇಲೆ ವಾಪಸ್ ಕೊಡ್ತೀವಿ ಅಂತಿದೆ ಕಟ್ಟಬಹುದಾ, ಇನ್ನೊಂದು ಸೈಟಲ್ಲಿ ನಿಮ್ಮ ಫ್ರೆಂಡ್ ಪಾಯಿಂಟ್ಸ್ ಸಿಕ್ಕಾಕೊಂಡಿದೆ ಏನ್ ಮಾಡೋದು. ಎರಡನೇದಕ್ಕೆ ಮೊದ್ಲು ಹೇಳ್ಬಿಡ್ತೀನಿ, ಕಟ್ಟಬೇಡಿ. ಸರ್ವೇಲಿ ದುಡ್ಡು ಹರಿಯೋ ದಿಕ್ಕು ಒಂದೇ. ಯಾವ್ದೋ ಕಂಪನಿಗೆ ಜನರ ಅಭಿಪ್ರಾಯ ಬೇಕಿರುತ್ತೆ, ಅವ್ರು ರಿಸರ್ಚ್ ಏಜೆನ್ಸಿಗೆ ದುಡ್ಡು ಕೊಡ್ತಾರೆ, ಏಜೆನ್ಸಿ ಪ್ಯಾನೆಲ್ ಸೈಟಿಗೆ, ಅಂದ್ರೆ ನೀವು ಹೆಸರು ನೋಂದಾಯಿಸಿರೋ ಸರ್ವೇ ಸೈಟಿಗೆ ಕೊಡುತ್ತೆ, ಸೈಟು ಅದ್ರಲ್ಲಿ ಒಂದು ಚೂರು ನಿಮಗೆ ಕೊಡುತ್ತೆ. ಇದ್ರಲ್ಲಿ ಎಲ್ಲೂ ನೀವು ಕೈಯಿಂದ ಹಾಕೋ ಜಾಗಾನೇ ಇಲ್ಲ.

ನಾನು ಕೆಲವು ವರ್ಷ ಒಂದು ಮಾರ್ಕೆಟ್ ರಿಸರ್ಚ್ ಕಂಪನೀಲಿ ಸರ್ವೇ ಪ್ರೋಗ್ರಾಮಿಂಗ್ ಮಾಡ್ತಿದ್ದೆ, ಅಂದ್ರೆ ನೀವು ಸ್ಕ್ರೀನ್ ಮೇಲೆ ನೋಡೋ ಪ್ರಶ್ನೆಗಳಿಗೆ ಲಾಜಿಕ್ ಕೂರಿಸೋದು, ಯಾರನ್ನ ಒಳಗೆ ಬಿಡ್ಬೇಕು ಯಾರನ್ನ ಆಚೆ ಕಳಿಸ್ಬೇಕು ಅಂತ ಕಂಡೀಷನ್ ಬರೆಯೋದು. ಅದಕ್ಕೇ ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ. ಎಲ್ರೂ ಈ ಸೈಟ್ ಫೇಕಾ ಜೆನ್ಯೂನಾ ಅಂತಾನೇ ಕೇಳ್ತಾರೆ. ಫೇಕ್ ಸೈಟ್ ಗುರುತು ಹಿಡಿಯೋದು ಅಷ್ಟೇನ್ ಕಷ್ಟ ಅಲ್ಲ. ಆದ್ರೆ ಜೆನ್ಯೂನ್ ಸೈಟಲ್ಲೇ, ಯಾರೂ ಬೇಕಂತ ಮೋಸ ಮಾಡ್ದೇನೇ, ನಿಮ್ಮ ಟೈಮು ಹೇಗೆ ಪುಕ್ಸಟ್ಟೆ ಹೋಗುತ್ತೆ ಅನ್ನೋದು ತುಂಬಾ ಜನಕ್ಕೆ ಗೊತ್ತಿರಲ್ಲ.

ಪ್ರತಿ ಸರ್ವೇಗೂ ಕೋಟಾ ಇರುತ್ತೆ. ಹೋದ ಆರು ತಿಂಗಳಲ್ಲಿ ವಾಷಿಂಗ್ ಮಷೀನ್ ತಗೊಂಡಿರೋ, 25ರಿಂದ 34 ವಯಸ್ಸಿನ ಹೆಂಗಸರು 150 ಜನ ಸಾಕು, ಈ ತರ. ಇನ್ವಿಟೇಷನ್ ಮಾತ್ರ ಸಾವಿರಾರು ಜನಕ್ಕೆ ಹೋಗಿರುತ್ತೆ. ನೀವು ಕ್ಲಿಕ್ ಮಾಡಿ ವಯಸ್ಸು, ಊರು, ಮನೇಲಿ ಎಷ್ಟು ಜನ, ಏನ್ ಕೆಲಸ ಅಂತೆಲ್ಲ ಹಾಕ್ತೀರ, ಅಷ್ಟರಲ್ಲಿ 150 ತುಂಬಿ ಹೋಗಿದ್ರೆ ಸಾರಿ ಅಂತ ಒಂದು ಪೇಜ್ ಬರುತ್ತೆ. ಸರ್ವೇಯಿಂದ ನಿಮ್ಮನ್ನ ವಾಪಸ್ ಪ್ಯಾನೆಲ್ ಸೈಟಿಗೆ ಕಳ್ಸೋಕೆ ನಾವು ಮೂರು ಲಿಂಕ್ ಹಾಕ್ತಿದ್ವಿ, ಒಂದು ಕಂಪ್ಲೀಟ್, ಒಂದು ಟರ್ಮಿನೇಟ್ (ಈ ಸರ್ವೇಗೆ ನೀವು ಹೊಂದಲ್ಲ ಅಂತ ಆಚೆ ಹಾಕೋದು), ಒಂದು ಕೋಟಾ ಫುಲ್. ದುಡ್ಡು ಲೆಕ್ಕಕ್ಕೆ ಬರೋದು ಸಾಮಾನ್ಯವಾಗಿ ಕಂಪ್ಲೀಟ್ ಲಿಂಕಲ್ಲಿ ಹೋದೋರಿಗೆ ಮಾತ್ರ. ಉಳಿದ ಎರಡು ಲಿಂಕಲ್ಲಿ ಹೋದೋರು ಎಷ್ಟೇ ಪ್ರಶ್ನೆಗೆ ಉತ್ರ ಕೊಟ್ಟಿರ್ಲಿ, ಏಜೆನ್ಸಿಗೆ ಅದು ಖರ್ಚಿಲ್ಲದ ಕೆಲಸ. ಇದು ತಪ್ಪು ಅಂತ ಆ ಇಂಡಸ್ಟ್ರೀಲಿ ಎಲ್ರಿಗೂ ಗೊತ್ತು, ಕೆಲವು ಸೈಟು ಸಮಾಧಾನಕ್ಕೆ ಅಂತ ಒಂದೆರಡು ಪಾಯಿಂಟ್ ಬಿಸಾಕ್ತಾವೆ, ಅಷ್ಟೇ.

ಎಲ್ಲಾ ಸಲ ಮೊದಲ ಎರಡು ನಿಮಿಷದಲ್ಲೇ ಆಚೆ ಹಾಕಲ್ಲ, ಅದೇ ದೊಡ್ಡ ಕಿರಿಕಿರಿ. ಕೆಲವು ಸರ್ವೇಲಿ ನೀವು ಯಾವ ಬ್ರ್ಯಾಂಡ್ ಬಗ್ಗೆ ಮಾತಾಡ್ತೀರ ಅನ್ನೋದು ಮಧ್ಯದಲ್ಲಿ ತೀರ್ಮಾನ ಆಗುತ್ತೆ, ಆ ಬ್ರ್ಯಾಂಡಿನ ಕೋಟಾ ಆಗ್ಲೇ ಮುಗಿದಿದ್ರೆ ಹತ್ತು ಹನ್ನೆರಡು ನಿಮಿಷ ಕೂತು ಉತ್ರ ಕೊಟ್ಟ ಮೇಲೂ ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ. ಇನ್ನೊಂದು, ರೌಟರ್ ಅಂತ ಇರುತ್ತೆ, ಒಂದು ಸರ್ವೇಯಿಂದ ಆಚೆ ಬಿದ್ದೋರನ್ನ ಸೀದಾ ಇನ್ನೊಂದಕ್ಕೆ ತಳ್ಳುತ್ತೆ, ಅಲ್ಲೂ ಅದೇ ವಯಸ್ಸು ಅದೇ ಪಿನ್‌ಕೋಡ್, ಅಲ್ಲಿಂದ ಮತ್ತೊಂದಕ್ಕೆ, ಅರ್ಧ ಗಂಟೆ ಆದ್ರೂ ನಿಮ್ಮ ಪಿನ್‌ಕೋಡ್ ಬಿಟ್ರೆ ಬೇರೇನೂ ಟೈಪ್ ಮಾಡಿರಲ್ಲ. ಹಾಂ, ನೀವಾಗ್ಲಿ ಮನೇಲಿ ಯಾರಾದ್ರೂ ಆಗ್ಲಿ ಜಾಹೀರಾತು, ಮಾಧ್ಯಮ, ಮಾರ್ಕೆಟ್ ರಿಸರ್ಚ್ ಕಡೆ ಕೆಲಸ ಮಾಡ್ತೀರಾ ಅಂತ ಒಂದು ಪ್ರಶ್ನೆ ಬರುತ್ತೆ ನೋಡಿ, ಅಲ್ಲಿ ಹೌದು ಅಂದ್ರೆ ಸಾಮಾನ್ಯವಾಗಿ ಅಲ್ಲಿಗೇ ಮುಗೀತು. ನಾನು ನಿಜ ಹೇಳಿದ್ರೆ ನನಗಂತೂ ಸರ್ವೇನೇ ಸಿಗಲ್ಲ.

ಹಾಗಾದ್ರೆ ಸುಳ್ಳು ಹೇಳಿದ್ರೆ ಆಯ್ತಲ್ಲ ಅಂತೀರೇನೋ, ಯೂಟ್ಯೂಬಲ್ಲಿ ಆ ಟ್ರಿಕ್ ಹೇಳ್ಕೊಡೋರೂ ಇದಾರೆ, ಕಾರ್ ಇದೆ ಅನ್ನಿ, ಮಕ್ಳಿದಾರೆ ಅನ್ನಿ ಅಂತ. ಸಿಕ್ಕಾಕೊಳ್ತೀರ. ಪ್ರೊಫೈಲಲ್ಲಿ ಕೊಟ್ಟಿರೋ ಉತ್ರಕ್ಕೂ ಇವತ್ತಿನ ಉತ್ರಕ್ಕೂ ತಾಳೆ ನೋಡ್ತಾರೆ. ಬ್ರ್ಯಾಂಡ್ ಪಟ್ಟೀಲಿ ಪ್ರಪಂಚದಲ್ಲೇ ಇಲ್ಲದ ಒಂದು ಹೆಸರು ಸೇರಿಸಿರ್ತಾರೆ, ಅದನ್ನೂ ಬಳಸಿದೀನಿ ಅಂತ ಟಿಕ್ ಮಾಡಿದ್ರೆ ಫ್ಲ್ಯಾಗ್, ಅಂದ್ರೆ ಅನುಮಾನದ ಗುರುತು ಬೀಳುತ್ತೆ. ಉದ್ದದ ಟೇಬಲ್ ಪ್ರಶ್ನೇಲಿ ಎಲ್ಲದಕ್ಕೂ ಒಂದೇ ಕಾಲಮ್ ಒತ್ತಿದ್ರೆ ಫ್ಲ್ಯಾಗ್, ಬೇರೆಯವರು ತಗೊಳ್ಳೋ ಟೈಮಲ್ಲಿ ಮೂರನೇ ಒಂದು ಭಾಗಕ್ಕಿಂತ ಬೇಗ ಮುಗಿಸಿದ್ರೆ ಫ್ಲ್ಯಾಗ್, ನಿಮ್ಮ ಮಾತಲ್ಲಿ ಬರೀರಿ ಅನ್ನೋ ಕಡೆ ಗುಡ್, ನೈಸ್ ಅಂತ ಬರೆದ್ರೂ ಅಷ್ಟೇ. ಇದೆಲ್ಲ ಸರ್ವೇ ಮುಗಿದ ಮೇಲೆ ಸೇರಿಸಿ ನೋಡ್ತಾರೆ. ಪ್ರಾಜೆಕ್ಟ್ ಕ್ಲೋಸ್ ಆಗೋವಾಗ ರಿಜೆಕ್ಟ್ ಆದ ಐಡಿಗಳ ಪಟ್ಟಿ ಪ್ಯಾನೆಲ್‌ಗೆ ಹೋಗುತ್ತೆ, ಆಗ ಎಷ್ಟೋ ದಿನದ ಹಿಂದೆ ನಿಮ್ಮ ಅಕೌಂಟಿಗೆ ಬಂದಿದ್ದ ಪಾಯಿಂಟ್ಸ್ ಸದ್ದಿಲ್ಲದೆ ವಾಪಸ್ ಹೋಗುತ್ತೆ. ಸೈಟ್ ನನ್ನ ದುಡ್ಡು ಕದೀತು ಅಂತ ಜನ ರಿವ್ಯೂ ಬರೀತಾರಲ್ಲ, ಅದ್ರಲ್ಲಿ ಒಂದಷ್ಟು ಹೀಗೆ ಆಗಿರೋದು. ಪ್ರಾಮಾಣಿಕವಾಗಿ ಬೇಗ ಓದೋರೂ ಈ ಜರಡೀಲಿ ಬೀಳ್ತಾರೆ, ಅದಕ್ಕೆ ಸಾಮಾನ್ಯವಾಗಿ ಅಪೀಲು ಅಂತ ಏನೂ ಇರಲ್ಲ.

ಇಷ್ಟು ಅನುಮಾನ ಯಾಕೆ ಅಂದ್ರೆ ಸರ್ವೇ ತುಂಬೋ ಕಡೆನೂ ಭಾರೀ ಮೋಸ ನಡೀತಿದೆ. 2025ರ ಏಪ್ರಿಲಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎಂಟು ಜನರ ಮೇಲೆ ಕೇಸ್ ಆಯ್ತು, ಆರೋಪ ಏನಂದ್ರೆ ಜನರನ್ನ ಇಟ್ಕೊಂಡು ಸುಳ್ಳು ಸರ್ವೇ ತುಂಬಿಸಿ ಅದನ್ನ ನಿಜವಾದ ಡೇಟಾ ಅಂತ ಕಂಪನಿಗಳಿಗೆ ಮಾರಿದ್ರು ಅಂತ, ಮೊತ್ತ ಸುಮಾರು 1 ಕೋಟಿ ಡಾಲರ್. ಈಗ ಎಐ ಬಾಟ್‌ಗಳು ಬೇರೆ ಬಂದಿವೆ. ಅವುಗಳನ್ನ ಹಿಡಿಯೋಕೆ ಹಾಕೋ ಬಲೆಗೆ ಬೀಳೋದು ಹಾಸ್ಟೆಲ್ ವೈಫೈಲಿ ಕೂತು ಸರ್ವೇ ಮಾಡೋ ನಿಮ್ಮಂಥೋರು, ಯಾಕಂದ್ರೆ ಒಂದೇ ಐಪಿ ಅಡ್ರೆಸ್ಸಿಂದ, ಅಂದ್ರೆ ಒಂದೇ ಇಂಟರ್ನೆಟ್ ಕನೆಕ್ಷನ್ನಿಂದ, ನಾಲ್ಕು ಅಕೌಂಟ್ ಕಂಡ್ರೆ ಸಿಸ್ಟಮ್‌ಗೆ ಅದು ಒಬ್ಬನೇ ಮನುಷ್ಯ. ವಿಪಿಎನ್, ಅಂದ್ರೆ ನೀವು ಎಲ್ಲಿದೀರ ಅಂತ ಮರೆಮಾಚೋ ಆ್ಯಪ್, ಆನ್ ಇದ್ರೆ ಇನ್ನೂ ಬೇಗ ಬ್ಲಾಕ್ ಆಗುತ್ತೆ.

ಈಗ ದುಡ್ಡಿನ ಲೆಕ್ಕ. ಪಾಯಿಂಟ್ಸಲ್ಲಿ ತೋರಿಸೋದೇ ನಿಮಗೆ ಲೆಕ್ಕ ಸಿಗದೇ ಇರ್ಲಿ ಅಂತ ಅನ್ನೋದು ನನ್ನ ಅಭಿಪ್ರಾಯ. ಗಂಟೆಗೆ ಎಷ್ಟು ಅಂತ ನೋಡಿ, ಸರ್ವೇಗೆ ಎಷ್ಟು ಅಂತ ಅಲ್ಲ. ಅಮೆಜಾನ್ ಮೆಕ್ಯಾನಿಕಲ್ ಟರ್ಕ್ ಅಂತ ಇದೆ, ಸರ್ವೇ ಜೊತೆ ಬೇರೆ ಚಿಲ್ಲರೆ ಕೆಲಸಾನೂ ಸಿಗುತ್ತೆ, ಅದ್ರ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೆಲಸ ಹುಡುಕೋ ಟೈಮು, ಅರ್ಧಕ್ಕೆ ಬಿಟ್ಟಿದ್ದು, ರಿಜೆಕ್ಟ್ ಆಗಿದ್ದು ಎಲ್ಲ ಸೇರಿಸಿ ನೋಡಿದ್ರೆ ಮಧ್ಯದಲ್ಲಿರೋ ಮನುಷ್ಯನಿಗೆ ಗಂಟೆಗೆ ಸುಮಾರು 2 ಡಾಲರ್ ಬೀಳ್ತಿತ್ತು, ಅಮೆರಿಕದ ಕನಿಷ್ಠ ಕೂಲಿ 7.25 ಡಾಲರ್ ದಾಟಿದೋರು ಶೇಕಡಾ 4 ಮಾತ್ರ. ಯೂನಿವರ್ಸಿಟಿ ರಿಸರ್ಚರ್‌ಗಳು ಜಾಸ್ತಿ ಬಳಸೋ ಪ್ರೊಲಿಫಿಕ್ ಅನ್ನೋ ಸೈಟು ಗಂಟೆಗೆ ಕನಿಷ್ಠ 8 ಡಾಲರ್ ಕೊಡ್ಬೇಕು ಅಂತ ರೂಲ್ ಇಟ್ಟಿದೆ, ಒಳ್ಳೇದೇ, ಆದ್ರೆ ಅದು ಎಲ್ಲಾ ದೇಶದೋರಿಗೂ ತೆರೆದಿಲ್ಲ, ಸ್ಟಡಿಗಳೂ ಸಿಕ್ಕಾಗ ಸಿಕ್ತು. ಗೂಗಲ್ ಒಪಿನಿಯನ್ ರಿವಾರ್ಡ್ಸ್ ಆಂಡ್ರಾಯ್ಡ್ ಫೋನಲ್ಲಿ ಕೊಡೋದು ಪ್ಲೇ ಸ್ಟೋರ್ ಕ್ರೆಡಿಟ್, ಆ್ಯಪ್ ಗೇಮ್ ತಗೊಳ್ಳೋಕೆ ಆಗುತ್ತೆ, ಫೀಸ್ ಕಟ್ಟೋಕೆ ಆಗಲ್ಲ.

ಮಿನಿಮಮ್ ವಿತ್‌ಡ್ರಾ ಲಿಮಿಟ್ಟು ಇನ್ನೊಂದು. ಸೇರಿದ ದಿನ ಪ್ರೊಫೈಲ್ ತುಂಬಿದ್ದಕ್ಕೇ ಲಿಮಿಟ್ಟಿನ ಕಾಲು ಭಾಗ ಕೊಟ್ಟು ಮೂಗಿಗೆ ತುಪ್ಪ ಸವರ್ತಾರೆ, ಇನ್ನೇನ್ ನಾಕ್ ದಿನ ಅನ್ಸುತ್ತೆ, ಆಮೇಲೆ ಮೀಟರ್ ಆಮೆ ತರ ಹೋಗುತ್ತೆ. ಕೆಲವು ಕಡೆ ಇಷ್ಟು ತಿಂಗಳು ಲಾಗಿನ್ ಆಗಿಲ್ಲ ಅಂದ್ರೆ ಪಾಯಿಂಟ್ಸ್ ಎಕ್ಸ್‌ಪೈರ್. ಸೇರೋ ಮುಂಚೆ ಟರ್ಮ್ಸಲ್ಲಿ ಈ ಎರಡು ವಿಷಯ ಮಾತ್ರ ಹುಡುಕಿ ಓದಿ, ಉಳಿದಿದ್ದು ಬಿಡಿ.

ಡೇಟಾ ವಿಷಯಕ್ಕೆ ಬಂದ್ರೆ, ನಿಮ್ಮ ಆದಾಯ, ಕಾಯಿಲೆ, ಸಾಲ, ಯಾವ ಪಕ್ಷಕ್ಕೆ ವೋಟು ಅಂತೆಲ್ಲ ಕೇಳ್ತಾರಲ್ಲ, ಸರಿಯಾದ ರಿಸರ್ಚಲ್ಲಿ ಅದು ನಿಮ್ಮ ಹೆಸರಿನ ಜೊತೆ ಕ್ಲೈಂಟಿಗೆ ಹೋಗಲ್ಲ, ಬರೀ ಒಂದು ಐಡಿ ನಂಬರ್ ಹೋಗುತ್ತೆ. ರಿಸರ್ಚ್ ಹೆಸರಲ್ಲಿ ಜನಕ್ಕೆ ಏನನ್ನೂ ಮಾರೋಕೆ ಹೋಗ್ಬಾರ್ದು ಅಂತ ಎಸೋಮಾರ್ ಅನ್ನೋ ಮಾರ್ಕೆಟ್ ರಿಸರ್ಚ್‌ನೋರ ಅಂತಾರಾಷ್ಟ್ರೀಯ ಸಂಘದ ನೀತಿಸಂಹಿತೆ ಇದೆ. ಆದ್ರೆ ಸರ್ವೇ ಅಂತ ಬೋರ್ಡ್ ಹಾಕ್ಕೊಂಡು ಫೋನ್ ನಂಬರ್ ಕಲೆಹಾಕಿ ಮಾರೋ ಸೈಟುಗಳಿಗೆ ಯಾವ ಸಂಹಿತೆ. ಲೋನ್ ಬೇಕಾ, ಇನ್ಶೂರೆನ್ಸ್ ಇದ್ಯಾ, ಯಾವಾಗ ಕಾಲ್ ಮಾಡ್ಬಹುದು ಅಂತ ಕೇಳಿದ್ರೆ ಅದು ಸರ್ವೇ ಅಲ್ಲ, ನಾಳೆಯಿಂದ ಫೋನ್ ಶುರು. ಇದಕ್ಕೇ ಅಂತ ಬೇರೆ ಇಮೇಲ್ ಇಟ್ಕೊಳ್ಳಿ. ಒಟಿಪಿ, ಕಾರ್ಡ್ ನಂಬರ್, ಪಿನ್ನು ಯಾವ ಸರ್ವೇಗೂ ಬೇಕಿಲ್ಲ. ಐಡಿ ಪ್ರೂಫ್ ಮಾತ್ರ ಸ್ವಲ್ಪ ಗೊಂದಲ, ಪ್ರೊಲಿಫಿಕ್ ತರದ ಸೈಟು ನಿಜವಾಗ್ಲೂ ಕೇಳ್ತಾವೆ, ಆದ್ರೆ ಅವೂ ವಾಟ್ಸಾಪಲ್ಲಿ ಫೋಟೋ ಕಳ್ಸಿ ಅನ್ನಲ್ಲ.

ಇನ್ನು ಶುದ್ಧ ಮೋಸ. ರಿಫಂಡ್ ಆಗೋ ಫೀ ಅನ್ನೋ ಕಥೆ ಹೊಸದಲ್ಲ, ಸ್ಪೀಕ್ ಏಷ್ಯಾ ಅಂತ ಮನೇಲಿ ದೊಡ್ಡೋರನ್ನ ಕೇಳಿ ನೋಡಿ. ಸಿಂಗಪುರದ ಕಂಪನಿ, 11,000 ರೂಪಾಯಿ ಕಟ್ಟಿ ಮೆಂಬರ್ ಆದ್ರೆ ವಾರಕ್ಕೆ ಎರಡು ಸರ್ವೇ, ಒಂದಕ್ಕೆ 500 ರೂಪಾಯಿ, ಅಂದ್ರೆ ವರ್ಷಕ್ಕೆ 52,000, ಬೇರೆಯವರನ್ನ ಸೇರಿಸಿದ್ರೆ ಅದಕ್ಕೆ ಬೇರೆ ದುಡ್ಡು. ಲಕ್ಷಾಂತರ ಜನ ಸೇರಿದ್ರು. ನಮ್ಮ ಗಿರಾಕಿಗಳು ಅಂತ ಅವ್ರು ಹೇಳ್ಕೊಂಡಿದ್ದ ದೊಡ್ಡ ಕಂಪನಿಗಳು ನಮಗೂ ಅವ್ರಿಗೂ ಸಂಬಂಧಾನೇ ಇಲ್ಲ ಅಂದ್ವು, 2011ರಲ್ಲಿ ಪೇಮೆಂಟ್ ನಿಂತು ಪೊಲೀಸ್ ಕೇಸ್ ಆಯ್ತು. ಅಲ್ಲಿ ಸರ್ವೇ ಬರೀ ನೆಪ, ಹೊಸಬರು ಕಟ್ಟಿದ ದುಡ್ಡೇ ಹಳಬರಿಗೆ ಹೋಗ್ತಿತ್ತು ಅನ್ನೋದೇ ಆರೋಪ. ಈಗಿನ ಅವತಾರ ಟೆಲಿಗ್ರಾಮ್ ವಾಟ್ಸಾಪ್ ಟಾಸ್ಕು, ರೇಟಿಂಗ್ ಕೊಡಿ ಸರ್ವೇ ತುಂಬಿ ಅಂತ ಮೊದ್ಲು ಸಣ್ಣ ಮೊತ್ತ ನಿಜವಾಗ್ಲೂ ಹಾಕ್ತಾರೆ, ನಂಬಿಕೆ ಬಂದ ಮೇಲೆ ದೊಡ್ಡ ಟಾಸ್ಕ್ ಓಪನ್ ಆಗೋಕೆ ಡೆಪಾಸಿಟ್ ಹಾಕಿ ಅಂತಾರೆ. ಗ್ರಾಹಕರ ದೂರು ನೋಡೋ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 2020ರಲ್ಲಿ ಇಂಥ ದೂರು ಒಂದೂ ಬಂದಿರ್ಲಿಲ್ಲ, 2023ರಲ್ಲಿ ಸುಮಾರು 5,000, 2024ರ ಮೊದಲ ಆರು ತಿಂಗಳಲ್ಲೇ ಸುಮಾರು 20,000. ಯೂಟ್ಯೂಬಲ್ಲಿ ಪೇಮೆಂಟ್ ಪ್ರೂಫ್ ತೋರಿಸೋರನ್ನೂ ನಂಬ್ಬೇಡಿ, ಕೆಳಗಡೆ ಡಿಸ್ಕ್ರಿಪ್ಷನಲ್ಲಿರೋ ಲಿಂಕ್ ಅವ್ರ ರೆಫರಲ್ ಲಿಂಕಾ ನೋಡಿ, ಹಾಗಿದ್ರೆ ಅವ್ರ ಆದಾಯ ಸರ್ವೇಯಿಂದಲ್ಲ, ನಿಮ್ಮಿಂದ.

ನಿಮ್ಮ ಫ್ರೆಂಡ್ ವಿಷಯ. ಪೆಂಡಿಂಗ್ ಅಂತಿದ್ರೆ ಒಂದು ತಿಂಗಳು ಕಾಯೋಕೆ ಹೇಳಿ, ಮೇಲೆ ಹೇಳಿದ ಐಡಿ ಪಟ್ಟಿ ಬರೋವರೆಗೂ ಎಷ್ಟೋ ಸೈಟು ಪಾಯಿಂಟ್ಸ್ ಹಿಡಿದಿಟ್ಕೊಳ್ತಾವೆ. ಆಮೇಲೂ ಬರ್ಲಿಲ್ಲ ಅಂದ್ರೆ ಸಪೋರ್ಟಿಗೆ ಮೇಲ್ ಹಾಕ್ಲಿ, ಬರೀ ನನ್ನ ದುಡ್ಡು ಕೊಡಿ ಅಂತಲ್ಲ, ಸರ್ವೇ ನಂಬರ್, ತಾರೀಕು, ಕೊನೇ ಪೇಜಿನ ಸ್ಕ್ರೀನ್‌ಶಾಟ್ ಇಟ್ಟು, ಅಷ್ಟು ಇದ್ರೆ ಅವ್ರು ರೆಕಾರ್ಡ್ ತೆಗೆದು ನೋಡೋಕಾಗುತ್ತೆ. ಅಷ್ಟರಲ್ಲಿ ವಿತ್‌ಡ್ರಾ ರಿಲೀಸ್ ಆಗೋಕೆ ಟ್ಯಾಕ್ಸ್ ಕಟ್ಟಿ, ಅಕೌಂಟ್ ಅನ್‌ಲಾಕ್ ಚಾರ್ಜ್ ಕಟ್ಟಿ ಅಂತ ಏನಾದ್ರೂ ಮೆಸೇಜ್ ಬಂದಿದ್ರೆ ಪಾಯಿಂಟ್ಸ್ ಆಸೆ ಬಿಟ್ಟು, ಪಾಸ್‌ವರ್ಡ್ ಬೇರೆ ಕಡೆನೂ ಅದೇ ಇದ್ರೆ ಇವತ್ತೇ ಬದಲಾಯಿಸ್ಲಿ.