ಊರಿನ ಪುಟದ ಸಾಲು ಎರಡು ಸಲ ರದ್ದಾಗಿದ್ದರ ಬಗ್ಗೆ

ಸಾರ್, ಶಿಡ್ಲಘಟ್ಟ ಕಡೆಯ ನಿಮ್ಮ ಊರಿನ ವಿಕಿಪೀಡಿಯ ಪುಟಕ್ಕೆ ಸೇರಿಸಿದ ‘ಸಾವಿರ ವರ್ಷದ ಭವ್ಯ ದೇವಸ್ಥಾನ’ ಅನ್ನೋ ಸಾಲನ್ನು ಯಾರೋ ಎರಡು ಸಲ ತೆಗೆದರು, ಮೂರನೇ ಸಲ ಹಾಕಲಾ ಅಂತ ಕೇಳಿದ್ದೀರಿ. ಹಾಕಬೇಡಿ. ಹಾಕೋದು ತೆಗೆಯೋದು ಹೀಗೇ ನಡೆದರೆ ಪುಟಕ್ಕೆ ಬೀಗ ಬೀಳುತ್ತೆ, ಇಲ್ಲ ಖಾತೆಗೇ ತಡೆ ಬರುತ್ತೆ. ಮೊದಲು ಪುಟದ ಇತಿಹಾಸ ತೆರೆದು, ತೆಗೆದವರು ತಿದ್ದುಪಡಿಯ ಸಾರಾಂಶದಲ್ಲಿ ಏನಾದರೂ ಕಾರಣ ಬರೆದಿದ್ದಾರಾ ನೋಡಿ. ಆಮೇಲೆ ಅದೇ ಪುಟದ ‘ಚರ್ಚೆ’ಯಲ್ಲಿ ಸಮಾಧಾನವಾಗಿ ಕೇಳಿ. ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಿದರೆ ಹೆಸರು, ಸಮಯ ತಾನಾಗಿ ಬರುತ್ತೆ. ಕನ್ನಡ ವಿಕಿಯಲ್ಲಿ ಕೈ ಕಡಿಮೆ, ಒಂದು ವಾರವಾದರೂ ಕಾಯಿರಿ. ಉತ್ತರ ಬಾರದಿದ್ದರೆ ಅಲ್ಲಿ ಎಲ್ಲರೂ ಸೇರಿ ಮಾತಾಡುವ ‘ಅರಳಿ ಕಟ್ಟೆ’ ಪುಟದಲ್ಲಿ ವಿಷಯ ಇಡಿ.

ತೊಂದರೆ ಇರೋದು ಸಾಲಿನಲ್ಲೇ. ‘ಭವ್ಯ’ ನಮ್ಮ ಅಭಿಮಾನದ ಮಾತು, ಅದನ್ನು ಬಿಡಿ. ‘ಸಾವಿರ ವರ್ಷ’ಕ್ಕೆ ಓದುವವರು ಹುಡುಕಿ ನೋಡಬಲ್ಲ ಅಚ್ಚಾದ ಆಧಾರ ಬೇಕು, ಊರ ಹಿರಿಯರ ಮಾತು ಎಷ್ಟೇ ನಿಜವಿದ್ದರೂ ಅದಕ್ಕೆ ಸಾಲದು.

ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ನೋಡಿ. ಹೆಸರು ಕೋಲಾರ ಜಿಲ್ಲೆಯದ್ದು ಅಂತ ಪಕ್ಕಕ್ಕಿಡಬೇಡಿ. ಶಿಡ್ಲಘಟ್ಟ ಈಗಿರುವ ಚಿಕ್ಕಬಳ್ಳಾಪುರ, ಕೋಲಾರದಿಂದ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ತಾಲ್ಲೂಕುಗಳ ಶಾಸನಗಳೂ ಅದರಲ್ಲೇ ಇವೆ. ತುಮಕೂರಿನವರಿಗೆ 12ನೇ ಸಂಪುಟ. ಉಲ್ಲೇಖದಲ್ಲಿ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಮೂರೂ ಇರಲಿ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಶಕ ವರ್ಷಕ್ಕೆ 78 ಕೂಡಿಸಿ ಒಂದೇ ಇಸವಿ ಬರೆದುಬಿಡುತ್ತಾರೆ. ವರ್ಷ ಶುರುವಾಗೋದು ಯುಗಾದಿಗೆ, ಹಾಗಾಗಿ ತಿಂಗಳು ಗೊತ್ತಿಲ್ಲದಿದ್ದರೆ ಶಕ 1300ನ್ನು 1378–79 ಅಂತಲೇ ಬರೆಯಿರಿ. ಪುಸ್ತಕದಲ್ಲಿ ‘ಸುಮಾರು’ ಅಂತಿದ್ದರೆ ಅದನ್ನು ನುಂಗಬೇಡಿ. ಇನ್ನೊಂದು, ಶಾಸನದ ಕಾಲವೇ ದೇವಸ್ಥಾನದ ಕಾಲ ಅಲ್ಲ. ಕಲ್ಲು ಬೇರೆ ಕಡೆಯಿಂದ ಬಂದಿರಬಹುದು, ಗುಡಿಯನ್ನು ಆಮೇಲೆ ಕಟ್ಟಿರಬಹುದು. ‘ದೇವಸ್ಥಾನದ ಬಳಿ ಇಂಥ ಕಾಲದ ಶಾಸನವಿದೆ’ ಅಂದರೆ ಸಾಕು, ಆ ಸಾಲನ್ನು ಯಾರೂ ಅಷ್ಟು ಸುಲಭವಾಗಿ ತೆಗೆಯಲ್ಲ. ಎಲ್ಲೂ ಅಚ್ಚಾಗದ ಕಲ್ಲು ಸಿಕ್ಕರೆ ಫೋಟೋ ತೆಗೆದು ವಿಕಿಯ ಚಿತ್ರಭಂಡಾರವಾದ ಕಾಮನ್ಸ್‌ಗೆ ಹಾಕಿ, ನಿಮ್ಮದೇ ಓದನ್ನು ಲೇಖನಕ್ಕೆ ತರಬೇಡಿ.

ಆಧಾರಗಳೇ ಜಗಳ ಆಡಿದರೆ ಎರಡನ್ನೂ ಬರೆಯಿರಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860 ಅಂತ ಕೆಲವು ಕಡೆ, 1861 ಅಂತ ಕೆಲವು ಕಡೆ ಇದೆ. ಒಂದನ್ನು ಅಳಿಸಿ ಇನ್ನೊಂದನ್ನು ಕೂರಿಸೋದು ತಪ್ಪು.

ಪತ್ರಿಕೆಯ ಬರಹವನ್ನು ಹಾಗೇ ಅಂಟಿಸಬಾರದು, ವಾಟ್ಸಾಪ್‌ನಲ್ಲಿ ಬಂದ ಫೋಟೋ ಏರಿಸಬಾರದು. ನೀವು ದೇವಸ್ಥಾನ ಸಮಿತಿಯಲ್ಲಿದ್ದರೆ ಅದನ್ನು ಚರ್ಚೆಯಲ್ಲೇ ಹೇಳಿ, ಅಲ್ಲೇ ತಿದ್ದುಪಡಿ ಕೇಳಿ.

ಈಗ ಹೊಸ ಸಾಲನ್ನು ನಿಮ್ಮ ಖಾತೆಯ ಪ್ರಯೋಗಪುಟದಲ್ಲಿ (ಕರಡು ಬರೆದು ನೋಡುವ ಪುಟ) ಬರೆದು ಕೊಂಡಿ ಇಲ್ಲಿ ಹಾಕಿ. ಶಾಸನ ಸಂಖ್ಯೆ ಹೊಂದುತ್ತಾ ಅಂತ ಸಂಪುಟ ತೆರೆದು ನೋಡೋಣ.