ಶಾಂಘೈಗೆ ಹೊರಡುವ ಮುನ್ನ ಪುಸ್ತಕದ ಪೆಟ್ಟಿಗೆ

ಕೆಲಸದ ಮೇಲೆ ಶಾಂಘೈಗೆ ಬರುತ್ತಿದ್ದೇನೆ, ಇವತ್ತಿನ ಚೀನಾ ತಿಳಿಯಲು ಏನು ಓದಲಿ, ಲೇಖಕರ ಮಾತುಕತೆ ಎಲ್ಲಿ ಕೇಳಲಿ ಎಂದು ಕೇಳಿದ್ದೀರಿ.

ಮೊದಲು ಲೆಸ್ಲಿ ಚಾಂಗ್ ಅವರ 'ಫ್ಯಾಕ್ಟರಿ ಗರ್ಲ್ಸ್' (2008) ಓದಿ. ಹಳ್ಳಿ ಬಿಟ್ಟು ದಕ್ಷಿಣ ಚೀನಾದ ಡಾಂಗ್‌ಗುವಾನ್ ನಗರದ ಕಾರ್ಖಾನೆಗಳಿಗೆ ಬಂದ ಹುಡುಗಿಯರ ಕಥೆ. ಮೊಬೈಲ್ ಕಳುವಾದರೆ ನಂಬರುಗಳ ಜೊತೆ ಗೆಳತಿಯರೂ ಕೈತಪ್ಪಿ ಹೋಗುತ್ತಾರೆ. ಮಾಲೀಕ ಸಂಬಳ ಹಿಡಿದಿಟ್ಟುಕೊಂಡಿರುವುದರಿಂದ ಕೆಲಸ ಬಿಡುವುದೂ ಕಷ್ಟ. ಇಂಥ ವಿವರ ಅರ್ಥಶಾಸ್ತ್ರದ ದಪ್ಪ ಪುಸ್ತಕಗಳಲ್ಲಿ ಸಿಗುವುದಿಲ್ಲ. ಆಮೇಲೆ ಪಲ್ಲವಿ ಅಯ್ಯರ್ ಅವರ 'ಸ್ಮೋಕ್ ಅಂಡ್ ಮಿರರ್ಸ್'. ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಬೀಜಿಂಗನ್ನು ಭಾರತದವರ ಕಣ್ಣಿನಿಂದಲೇ ನೋಡಬಹುದು.

ಚೀನೀ ಭಾಷೆ ಕಲಿತು ಓದುವ ಆಸೆಯಿದ್ದರೆ, ಪುಸ್ತಕ ಎಲ್ಲಿ ಅಚ್ಚಾಗಿದೆ ಅಂತ ಮೊದಲು ನೋಡಿ. ಚೀನಾದ ನಾಯಕ ಡೆಂಗ್ ಷಿಯಾವೋಪಿಂಗ್ ಬಗ್ಗೆ ಎಜ್ರಾ ವೋಗೆಲ್ ಬರೆದ ಜೀವನಚರಿತ್ರೆ 2013ರಲ್ಲಿ ಇಲ್ಲಿ ಬಂದಾಗ ಸೆನ್ಸಾರ್ ಕತ್ತರಿ ಬಿದ್ದಿತ್ತು. ಹಾಂಗ್‌ಕಾಂಗ್ ಆವೃತ್ತಿ ಪೂರ್ತಿ ಇದೆ. ಯು ಹುವಾ ಅವರ ಕಾದಂಬರಿಗಳು ಇಲ್ಲಿ ಧಾರಾಳವಾಗಿ ಸಿಗುತ್ತವೆ, ಆದರೆ ಹತ್ತು ಪದಗಳಲ್ಲಿ ಚೀನಾವನ್ನು ಹೇಳುವ ಅವರ ಪ್ರಬಂಧಗಳು ಅಚ್ಚಾಗಿದ್ದು ತೈವಾನಿನಲ್ಲಿ.

ಇ-ಪುಸ್ತಕ, ಲೇಖಕರ ಸಂದರ್ಶನ, ಪಾಡ್‌ಕಾಸ್ಟ್ ಎಲ್ಲವನ್ನೂ ಊರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. 2010ರಲ್ಲಿ ಬೀಜಿಂಗಿನಲ್ಲಿ ಶುರುವಾದ 'ಸಿನಿಕಾ' ಪಾಡ್‌ಕಾಸ್ಟ್‌ನಲ್ಲಿ ಲೇಖಕರೊಂದಿಗೆ ಸಾವಕಾಶದ ಮಾತುಕತೆ ಇರುತ್ತದೆ, ಅದನ್ನು ಬಿಡಬೇಡಿ. ಇಲ್ಲಿ ಗೂಗಲ್, ಯೂಟ್ಯೂಬ್ ತೆರೆಯುವುದಿಲ್ಲ. ಕಿಂಡಲ್‌ನ ಚೀನಾ ಅಂಗಡಿ 2023ರ ಜೂನ್‌ನಲ್ಲೇ ಮುಚ್ಚಿತು. ಭಾರತದ ಸಿಮ್ ರೋಮಿಂಗ್‌ನಲ್ಲಿದ್ದರೆ ಗೂಗಲ್ ಸಿಗುತ್ತದೆ, ಆದರೆ ಪುಸ್ತಕಗಳನ್ನೆಲ್ಲ ಅದರಲ್ಲೇ ಇಳಿಸಿಕೊಳ್ಳಲು ಹೋದರೆ ಡೇಟಾ ಬೇಗ ಖಾಲಿ.

ಹಳೆಯ ಮಾರ್ಗದರ್ಶಿಗಳನ್ನು ನಂಬಿ ಅಲೆಯಬೇಡಿ. ಲೇಖಕರ ಮಾತುಕತೆ ನಡೆಯುತ್ತಿದ್ದ ಬೀಜಿಂಗಿನ ಬುಕ್‌ವರ್ಮ್ ಪುಸ್ತಕದಂಗಡಿ 2019ರಲ್ಲಿ ಬಾಗಿಲು ಹಾಕಿತು. ಅಂಥದ್ದೇ ಮಾತುಕತೆಗಳಿಗೆ ಹೆಸರಾಗಿದ್ದ ಶಾಂಘೈನ ಜಿಫೆಂಗ್ ಪುಸ್ತಕದಂಗಡಿಯನ್ನು 2018ರಲ್ಲಿ ಮುಚ್ಚಿಸಲಾಯಿತು. ಅದು 2024ರಲ್ಲಿ ಮತ್ತೆ ತೆರೆದದ್ದು ವಾಷಿಂಗ್ಟನ್‌ನಲ್ಲಿ. ಅಂಥ ಜಾಗ ಇಲ್ಲದಾಗಿರುವುದು ಈ ಊರಿಗೆ ದೊಡ್ಡ ನಷ್ಟ. ಈಗಿನ ಕಾರ್ಯಕ್ರಮಗಳ ಸುದ್ದಿ ಬರುವುದು ವೀಚಾಟ್ ಎಂಬ ಚೀನೀ ಆ್ಯಪ್‌ನಲ್ಲಿರುವ ಅಂಗಡಿಗಳ ಖಾತೆಗಳಲ್ಲಿ. ಕ್ಯೂಆರ್ ಸ್ಕ್ಯಾನ್ ಮಾಡಿ ಹೆಸರು ನೋಂದಾಯಿಸಬೇಕು, ಅದಕ್ಕೆ ಸಾಮಾನ್ಯವಾಗಿ ಇಲ್ಲಿನ ಮೊಬೈಲ್ ನಂಬರ್ ಬೇಕು. ಮಾತೆಲ್ಲ ಹೆಚ್ಚಾಗಿ ಚೀನೀ ಭಾಷೆಯಲ್ಲೇ.

ಮಕ್ಕಳನ್ನು ಕರೆತರುವುದಾದರೆ ಅವರ ಅಟ್ಲಾಸ್, ಸಮಾಜ ವಿಜ್ಞಾನದ ಪಠ್ಯಪುಸ್ತಕ ಊರಲ್ಲೇ ಇರಲಿ. ಅರುಣಾಚಲವನ್ನು ಭಾರತದೊಳಗೆ ತೋರಿಸುವ ನಕ್ಷೆಯನ್ನು ಇಲ್ಲಿನ ಕಸ್ಟಮ್ಸ್ ಕಿತ್ತುಕೊಳ್ಳಬಹುದು. ಇಲ್ಲಿ ಕೊಂಡ ಗ್ಲೋಬನ್ನು ರಜೆಗೆ ಊರಿಗೆ ಒಯ್ದರೆ ಅಲ್ಲಿಯ ಕಸ್ಟಮ್ಸ್‌ನಲ್ಲೂ ಇದೇ ತೊಂದರೆ.